ಧರಿಸಿದವರ ಪದರ

ಆ ಹೊತ್ತಿಗೆ ಹುಬ್ಬಳ್ಳಿಯ ಜನ ಬೋರ್ಡು ಬರೆಸುವುದನ್ನು ಬಿಟ್ಟೇಬಿಟ್ಟಿದ್ದರು. ಅಂಗಡಿಗಳ ಮೇಲೆ ಹೆಸರಿರಲಿಲ್ಲ, ಬಸ್ಸುಗಳ ಹಣೆಯ ಮೇಲೆ ಊರಿರಲಿಲ್ಲ, ರಸ್ತೆ ದಾಟುವ ಕಡೆ ಬಿಳಿ ಪಟ್ಟೆಯೂ ಇರಲಿಲ್ಲ. ಬರಿಗಣ್ಣಿಗೆ ಊರೆಂದರೆ ಸಿಮೆಂಟಿನ ಬಣ್ಣದ ಖಾಲಿ ಗೋಡೆ. ಹೆಸರು, ಬಣ್ಣ, ಬಾಣದ ಗುರುತು ಎಲ್ಲ ಮೂಡುತ್ತಿದ್ದುದು ಮೂಗಿನ ಮೇಲಿನ ಕನ್ನಡಕದಲ್ಲಿ. ಅದನ್ನು ಮಾಡುತ್ತಿದ್ದ ಸಂಸ್ಥೆಯ ಹೆಸರು 'ನಿಚ್ಚಳ'.

ಹಿಂದೆ ಜನ ವೆಬ್ ಪುಟಗಳನ್ನು ಪರದೆಯ ಮೇಲೆ ಓದುತ್ತಿದ್ದ ಕಾಲದಲ್ಲಿ ಪ್ರತಿ ಪುಟಕ್ಕೂ ಒಂದು ಸ್ಟೈಲ್‌ಶೀಟ್ ಇರುತ್ತಿತ್ತು. ಅಕ್ಷರ ಎಷ್ಟು ದಪ್ಪವಿರಬೇಕು, ಯಾವುದು ಯಾವ ಬಣ್ಣದಲ್ಲಿರಬೇಕು, ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂಬ ನಿಯಮಗಳ ಪಟ್ಟಿ ಅದು. ಪುಟ ಮಾಡಿದವರ ಅಭಿರುಚಿ ಹಿಡಿಸದಿದ್ದರೆ ಓದುವವರು ತಮ್ಮದೇ ಶೀಟನ್ನು ಅದರ ಮೇಲೆ ಹೊದಿಸಬಹುದಿತ್ತು. ಹಾಗೊಂದು ಅವಕಾಶವಿದೆಯೆಂಬುದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಬೀದಿಯೇ ಪುಟವಾಯಿತು. ಶೀಟು ಬೀದಿಗೆ ಇಳಿಯಿತು. ಕೆಳಗಿನ ಪದರ ನಿಚ್ಚಳದ್ದು, ಅದನ್ನು ಎಲ್ಲರೂ ಡಿಫಾಲ್ಟ್ ಎನ್ನುತ್ತಿದ್ದರು. ನಡುವಿನದು ಅಂಗಡಿ, ನಗರಪಾಲಿಕೆಗಳದ್ದು. ಎಲ್ಲಕ್ಕಿಂತ ಮೇಲಿನದು ಕನ್ನಡಕ ಧರಿಸಿದವರದು. ಒಂದೇ ವಸ್ತುವಿನ ಬಗ್ಗೆ ಮೂರು ಪದರಗಳೂ ಮೂರು ಮಾತು ಹೇಳಿದರೆ ಧರಿಸಿದವರ ಮಾತೇ ಗೆಲ್ಲಬೇಕು. ಈ ನಿಯಮವನ್ನು ಹಟ ಹಿಡಿದು ಒಳಗೆ ಸೇರಿಸಿದವಳು ಶಾಲ್ಮಲಾ.

ಹುಟ್ಟಿದಾಗಿನಿಂದ ಶಾಲ್ಮಲಾಳ ಕಣ್ಣು ಮಂದ. ಮೊದಮೊದಲ ಕನ್ನಡಕ ಹಾಕಿದಾಗ ಅವಳಿಗೆ ಕಂಡದ್ದು ತೆಳ್ಳಗಿನ ಬೂದು ಅಕ್ಷರಗಳು, ಕುಣಿಯುವ ಜಾಹೀರಾತು, ಕಣ್ಣು ಕುಕ್ಕುವ ಹೊಳಪು. ಒಳ್ಳೆಯ ಕಣ್ಣಿನವರು ಒಳ್ಳೆಯ ಕಣ್ಣಿನವರಿಗಾಗಿ ಮಾಡಿದ ಡಿಫಾಲ್ಟ್ ಅದು. ಅವಳು ಕೂತು ತನ್ನದೇ ಶೀಟು ಬರೆದಳು. ಜಾಹೀರಾತೆಲ್ಲ ಮಾಯ. ಅಕ್ಷರ ಕಪ್ಪು, ದಪ್ಪ. ಮೆಟ್ಟಿಲಿನ ಅಂಚಿಗೆ ಹಳದಿ ಗೆರೆ. ಚಲಿಸುವ ವಾಹನದ ಸುತ್ತ ಉರಿಯುವ ಕೆಂಪು. ಆ ಶೀಟನ್ನು ಅವಳು ಕೇಳಿದವರಿಗೆಲ್ಲ ಕೊಟ್ಟಳು. ಕಣ್ಣಿನ ಪೊರೆಯವರು, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದಿದವರು, ವಯಸ್ಸಾದವರು ಅದನ್ನು ಹಾಕಿಕೊಂಡು ವರ್ಷಗಳ ನಂತರ ಒಬ್ಬರೇ ಪೇಟೆಗೆ ಹೋಗಿಬಂದರು. ಊರ ಬಾಯಲ್ಲಿ ಅದು 'ಶಾಲ್ಮಲಾ ಶೀಟು' ಆಯಿತು. ಆಮೇಲೆ ನಿಚ್ಚಳದವರೇ ಅವಳನ್ನು ಕರೆದು ಕೆಲಸ ಕೊಟ್ಟರು. ಅವಳ ಗಂಡ ಪ್ರಭುಲಿಂಗ ಆಗಲೇ ಅಲ್ಲಿ ಹಿರಿಯ ಹುದ್ದೆಯಲ್ಲಿದ್ದ. "ಇನ್ನ ಮ್ಯಾಲ ನೀ ಹೊರಗ ನಿಂತು ಜಗಳಾ ಮಾಡೂದು ಬ್ಯಾಡ, ಒಳಗ ಬಂದು ಮಾಡು" ಎಂದು ನಕ್ಕಿದ್ದ.

ಒಂದು ಭಾನುವಾರ ಬೆಳಿಗ್ಗೆ ಜೈನಾಬಿ ಟೀಚರ್ ಕೇಶ್ವಾಪುರದ ಶಾಲ್ಮಲಾಳ ಮನೆಗೆ ಬಂದರು. ಹೈಸ್ಕೂಲಿನಲ್ಲಿ ಶಾಲ್ಮಲಾಳನ್ನು ಮೊದಲ ಬೆಂಚಿಗೆ ಕರೆದು ಕೂರಿಸಿಕೊಂಡು ಕನ್ನಡ ಕಲಿಸಿದವರು. ನಿವೃತ್ತಿಯ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿಂದಿತ್ತು. ಈಗ ಶಿಷ್ಯೆಯ ಶೀಟೇ ಅವರಿಗೆ ದಾರಿ. ಶಾಲ್ಮಲಾ ಚುರಮುರಿ ಸುಸಲಾ ಮಾಡಿ ಕೊಟ್ಟಳು. ಟೀಚರ್ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡೇ ಹೇಳಿದರು:

"ಶಾಲ್ಮಲಾ, ಆ ಸರಕಿನ ಬಂಡಿ ಇರ್ತಾವಲ್ಲ, ಡ್ರೈವರ್ ಇಲ್ಲದ್ದು? ಅವು ನನಗ ಕೆಂಪಗ ಕಾಣವಲ್ವು."

"ಕಾಣ್ತಾವ ಟೀಚರ್. ಎಲ್ಲಾ ಗಾಡಿಗೂ ಒಂದ ನಿಯಮ."

"ಮೊದಲ ಕಾಣ್ತಿದ್ವು. ಈಗೀಗ ರಸ್ತೆದಾಗ ಕಲಸಿ ಹೋಗ್ತಾವ. ಸಪ್ಪಳಾನೂ ಇಲ್ಲ. ಮೊನ್ನೆ ಒಂದು ಸೆರಗಿಗೆ ತಾಗಿ ಹೋತು ನೋಡವ್ವಾ."

ಶಾಲ್ಮಲಾ ಎದ್ದು ಬಾಲ್ಕನಿಗೆ ಹೋದಳು. ಕೆಳಗಿನ ರಸ್ತೆಯಲ್ಲಿ ಅಂಥದೇ ಒಂದು ಬಂಡಿ ಹೋಗುತ್ತಿತ್ತು. ಸುತ್ತ ನಿಚ್ಚಳವಾದ ಕೆಂಪು, ಕೆಂಡದ ಹಾಗೆ. ಒಳಗೆ ಬಂದು ಕಂಪ್ಯೂಟರಿನಲ್ಲಿ ತನ್ನ ಶೀಟನ್ನೂ ತೆರೆದು ನೋಡಿದಳು. ವಾಹನಗಳ ನಿಯಮ ತಾನು ಬರೆದಂತೆಯೇ ಇತ್ತು, ಒಂದು ಚುಕ್ಕೆಯೂ ಅತ್ತಿತ್ತ ಆಗಿರಲಿಲ್ಲ.

"ಎಲ್ಲಾ ಸರಿ ಐತ್ರಿ ಟೀಚರ್. ನನ್ನ ಕಣ್ಣಿಲೇ ನೋಡಿ ಬಂದೆ. ನೀವು ಕನ್ನಡಕ ಒರಸಿ ಹಾಕ್ಕೊಳ್ರಿ. ಇಲ್ಲಂದ್ರ ಡಾಕ್ಟರ್ ಕಡೆ ಹೋಗೂಣು, ಕಣ್ಣು ಇನ್ನಷ್ಟು ಇಳದಿರಬೇಕು."

ಟೀಚರ್ ಮಾತು ಬೆಳೆಸಲಿಲ್ಲ. "ಇರಬಹುದು, ವಯಸ್ಸಾತು" ಎಂದು ಸುಸಲಾ ತಿಂದರು. ಪ್ರಭುಲಿಂಗ ಅಲ್ಲೇ ಸೋಫಾದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಹೋಗುವಾಗ ಅವರ ಕೈಹಿಡಿದು ಮೆಟ್ಟಿಲು ಇಳಿಸಿ ಬಂದ.

ಹದಿನೈದು ದಿನವೂ ಆಗಿರಲಿಲ್ಲ, ಸರಕಿನ ಬಂಡಿಯೊಂದು ಜೈನಾಬಿ ಟೀಚರಿಗೆ ಗುದ್ದಿತು. ಹಾಲು ತರಲು ಹೊರಟವರು ತಮ್ಮ ಓಣಿಯ ಬಾಯಲ್ಲೇ ಬಿದ್ದರು. ಬಲಗಾಲು ತೊಡೆಯ ಹತ್ತಿರ ಮುರಿದಿತ್ತು.

ಆಸ್ಪತ್ರೆಯಲ್ಲಿ ಶಾಲ್ಮಲಾ ಮಂಚದ ಪಕ್ಕ ಕೂತಳು. ನೋವಿನ ಔಷಧಿಗೆ ಟೀಚರ ಬಾಯಿ ಒಣಗಿತ್ತು. ಶಾಲ್ಮಲಾ ಚಮಚದಲ್ಲಿ ನೀರು ಕುಡಿಸಿದಳು. ಆಮೇಲೆ ಟೀಚರ್ ದಿಂಬಿನ ಪಕ್ಕದಲ್ಲಿದ್ದ ತಮ್ಮ ಕನ್ನಡಕವನ್ನು ತಡವಿ ತೆಗೆದು ಅವಳ ಕೈಗಿಟ್ಟರು.

"ನಿನ್ನ ಕಣ್ಣಿಲೇ ನೋಡೀದಿ ಅಂದ್ಯಲ್ಲ. ಈಗ ಒಮ್ಮೆ ನನ್ನದು ಹಾಕ್ಕೊಂಡು ನೋಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಬರೆದ ಹುಡುಗಿಗೆ ಪಾಟಿ ವಾಪಸು ಕೊಟ್ಟು ತಿದ್ದು ಎನ್ನುವ ಹಾಗಿತ್ತು ಅಷ್ಟೆ. ಶಾಲ್ಮಲಾ ಆ ಕನ್ನಡಕ ಹಾಕಿಕೊಂಡು ಕಿಟಕಿಗೆ ಹೋದಳು. ಕೆಳಗೆ ಬಸ್ಸು ಕೆಂಪಗಿತ್ತು. ಆಟೋ ಕೆಂಪಗಿತ್ತು. ಸ್ಕೂಟರು ಕೆಂಪಗಿತ್ತು. ಅವುಗಳ ನಡುವೆ ರಸ್ತೆಯ ಒಂದು ತುಂಡು ತಾನೇ ಹರಿದುಹೋದಂತೆ ಕಂಡಿತು. ಕಣ್ಣು ಕಿರಿದು ಮಾಡಿ ನೋಡಿದಾಗ ಅದು ಬಂಡಿ, ಡಾಂಬರಿನದೇ ಬೂದು ಬಣ್ಣದ ಬಂಡಿ. ಅವಳು ಟೀಚರ ಕನ್ನಡಕ ತೆಗೆದು ತನ್ನದನ್ನು ಹಾಕಿಕೊಂಡಳು. ಅದೇ ಬಂಡಿ ಕೆಂಡದಂತೆ ಉರಿಯುತ್ತಿತ್ತು. ಮತ್ತೆ ಅವರದು: ಬೂದು. ಮತ್ತೆ ತನ್ನದು: ಕೆಂಪು.

ಹಿಂದಿರುಗಿ ನೋಡುವ ಧೈರ್ಯ ಅವಳಿಗೆ ಸುಲಭಕ್ಕೆ ಬರಲಿಲ್ಲ. ಕೊನೆಗೆ "ಟೀಚರ್, ನೀವು ಖರೇ ಹೇಳಿದ್ರಿ" ಎಂದಳು.

"ನನಗ ಗೊತ್ತೈತಲ್ಲ" ಎಂದರು ಅವರು ಕಣ್ಣು ಮುಚ್ಚಿಕೊಂಡೇ.

ಅಲ್ಲಿಂದ ಅವಳು ನೇರ ನಿಚ್ಚಳದ ನಿಯಂತ್ರಣ ಕೊಠಡಿಗೆ ಹೋದಳು. ಇಡೀ ಊರಿನ ಕನ್ನಡಕಗಳಿಗೆ ನಿಯಮಗಳು ಹರಿದುಹೋಗುತ್ತಿದ್ದುದು ಅಲ್ಲಿಂದಲೇ. ಪಾಳಿಯಲ್ಲಿದ್ದವನು ತಿಪ್ಪೇಸ್ವಾಮಿ, ಚಿತ್ರದುರ್ಗದ ಕಡೆಯ ಎಂಜಿನಿಯರ್, ಅವಳ ಕೈಕೆಳಗೇ ಕೆಲಸ ಕಲಿತವನು. ಯಾವ ವಸ್ತುವಿಗೆ ಯಾವ ಪದರದ ಯಾವ ನಿಯಮ ಬಣ್ಣ ಕೊಟ್ಟಿತು ಎಂದು ಹಿಂದಕ್ಕೆ ಹುಡುಕಿ ಹೇಳುವ ಉಪಕರಣ ಅವನ ಮೇಜಿನ ಮೇಲಿತ್ತು. ಟೀಚರ ಕನ್ನಡಕವನ್ನು ಅದಕ್ಕೆ ಜೋಡಿಸಿ ಶಾಲ್ಮಲಾ ಹೇಳಿದಳು, "ಬಂಡಿಯ ಬೂದು ಯಾರದ್ದು ನೋಡು. ಡಿಫಾಲ್ಟ್ ಪದರ ನಮ್ಮನ್ನ ತುಳದು ಮ್ಯಾಲ ಬಂದೈತಿ. ಅದ ಇರಬೇಕು."

ತಿಪ್ಪೇಸ್ವಾಮಿ ನೋಡಿದ. ಮತ್ತೊಮ್ಮೆ ನೋಡಿದ.

"ಮೇಡಂ, ಡಿಫಾಲ್ಟ್ ಅಲ್ಲ. ಧರಿಸಿದವರ ಪದರದಿಂದಲೇ ಬಂದೈತೆ. ನಿಮ್ಮ ಶೀಟಿಂದ."

"ಸಾಧ್ಯ ಇಲ್ಲ. ಶೀಟು ತಗಿ."

ಅವನು ದೊಡ್ಡ ಪರದೆಯ ಮೇಲೆ ಶೀಟು ತೆರೆದ. ಶಾಲ್ಮಲಾ ಹತ್ತಿರ ಹೋಗಿ ಓದಿದಳು. ಮೆಟ್ಟಿಲಿನ ನಿಯಮ, ಅದರ ಕೆಳಗೆ ವಾಹನದ ನಿಯಮ, ಅದರ ಕೆಳಗೆ ದೀಪದ ನಿಯಮ.

"ಎಲ್ಲೈತಿ?"

"ಇಲ್ಲೇ ಐತಲ್ಲ ಮೇಡಂ, ವಾಹನದ್ದೂ ದೀಪದ್ದೂ ಮಧ್ಯೆ." ಅವನು ಬೆರಳಿಟ್ಟು ತೋರಿಸಿದ. ಬೆರಳು ಎರಡು ಸಾಲುಗಳ ನಡುವಿನ ಬಿಳಿ ಜಾಗದ ಮೇಲಿತ್ತು.

"ಅಲ್ಲಿ ಏನೂ ಇಲ್ಲ, ತಿಪ್ಪೇಶಿ."

ಅವನು ತಿರುಗಿ ಅವಳ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾಳೆಂದು ಮೊದಲು ಅಂದುಕೊಂಡಿರಬೇಕು. ಆಮೇಲೆ ಅವನ ಮುಖದ ಬಣ್ಣ ಇಳಿಯಿತು. "ಮೇಡಂ, ಒಂದು ಸಲ ಕನ್ನಡಕ ತೆಗೀರಿ."

ತೆಗೆದರೆ ಅವಳಿಗೆ ಪರದೆಯೇ ಮಂಜು, ಒಂದಕ್ಷರವೂ ಕಾಣದು. "ಓದಿ ಹೇಳು" ಎಂದಳು.

ತಿಪ್ಪೇಸ್ವಾಮಿ ಓದಿದ. ಒಂದನೆಯದು, ಸರಕಿನ ಬಂಡಿಗಳಿಗೆ ಕೆಂಪು ಬೇಡ, ರಸ್ತೆಯ ಬಣ್ಣ ಕೊಡು. ಎರಡನೆಯದು, ಧರಿಸಿದವಳು ಶಾಲ್ಮಲಾ ಆಗಿದ್ದರೆ ಮೇಲಿನದು ಬೇಡ, ಕೆಂಪನ್ನೇ ಇಡು. ಮೂರನೆಯದು, ಈ ಮೂರೂ ಸಾಲುಗಳನ್ನು ಶಾಲ್ಮಲಾಳ ಕನ್ನಡಕಕ್ಕೆ ತೋರಿಸಬೇಡ.

"ಸಹಿ?"

"ನಿಮ್ದೇ ಮೇಡಂ."

ಶೀಟಿನಲ್ಲಿ ಏನೇ ತಿದ್ದಿದರೂ ಒಂದು ಗುಟ್ಟಿನ ಪದ ಹೇಳಿ ಸಹಿ ಹಾಕಬೇಕಿತ್ತು. ಆ ಪದ ಅವಳನ್ನು ಬಿಟ್ಟರೆ ಇನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಹಿಂದಿನ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಅವಳು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಶೀಟಿನ ಸಣ್ಣಪುಟ್ಟ ರಿಪೇರಿಗಳಿಗೆ ಅವಳ ಪರವಾಗಿ ಸಹಿ ಹಾಕಿದವನು ಪ್ರಭುಲಿಂಗ. ಪಟ್ಟಿ ಬಿಚ್ಚಿದ ಮೇಲೆ ಪದ ಬದಲಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಗಂಡನಿಗೆ ಗೊತ್ತಿದ್ದರೆ ಏನಾಯಿತು?

ಸಂಜೆ ಪ್ರಭುಲಿಂಗ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿದು ಎಣ್ಣೆಗಾಯಿ ಪಲ್ಯಕ್ಕೆ ಅದ್ದುತ್ತಿದ್ದಾಗ ಅವಳು ಕೇಳಿದಳು.

"ನನ್ನ ಶೀಟಿನ್ಯಾಗ ನೀ ಬರದೀಯೇನು?"

"ಯಾರು ಹೇಳಿದ್ರು?"

ಇಲ್ಲ ಎಂದು ಅವನು ಹೇಳಲಿಲ್ಲ ಎಂಬುದನ್ನು ಅವಳು ಗಮನಿಸಿದಳು. ಆ ಕ್ಷಣದವರೆಗೂ, ಬೇರೆ ಯಾರೋ ಪದ ಕದ್ದಿರಬಹುದೆಂಬ ಒಂದು ಆಸೆ ಅವಳಲ್ಲಿ ಉಳಿದಿತ್ತು.

ಅವನು ಕೈ ತೊಳೆದು ಬಂದು ಎದುರಿಗೆ ಕೂತ. "ಕೇಳು ಶಾಲೂ. ಬಂಡಿ ಕಂಪನಿಯವರು ನಮ್ಮ ಡೈರೆಕ್ಟರ್ ಮುಂದ ಬಂದು ಕುಂತಿದ್ರು. ಊರ ತುಂಬ ನಮ್ಮ ಬಂಡಿ ಬೆಂಕಿ ಹಂಗ ಕಾಣ್ತಾವ, ಜನಾ ಹೆದರಾಕತ್ತಾರ, ಇದನ್ನ ತಗೀರಿ ಅಂತ. ಡೈರೆಕ್ಟರ್ ಧರಿಸಿದವರ ಪದರಾನ ಪೂರಾ ಮುಚ್ಚಿಬಿಡೂಣು ಅಂದ. ನಾ ನಡುವ ನಿಂತೆ. ಬಂಡಿ ಒಂದನ್ನ ಬಿಟ್ಟುಕೊಟ್ಟು ಉಳಿದದ್ದೆಲ್ಲಾ ಉಳಿಸಿದೆ. ನಿನ್ನ ಅಕ್ಷರ, ನಿನ್ನ ಮೆಟ್ಟಲಾ, ಎಲ್ಲಾ ಉಳದಿದ್ದು ನನ್ನಿಂದ."

"ನನಗ ಹೇಳಬೇಕಿತ್ತು."

"ಹೇಳಿದ್ರ ಒಪ್ತಿದ್ದಿಯೇನು?"

"ಇಲ್ಲ."

"ಅದಕ್ಕ ಹೇಳಲಿಲ್ಲ."

"ಎಲ್ಲಾರಿಗೂ ಬೂದು ಮಾಡಿದಿ. ನನಗೊಬ್ಬಾಕಿಗೆ ಕೆಂಪು ಯಾಕ ಉಳಿಸಿದಿ?"

ಪ್ರಭುಲಿಂಗನ ಮುಖ ಮೆತ್ತಗಾಯಿತು. ಇದೊಂದಾದರೂ ಅವಳಿಗೆ ಅರ್ಥವಾದೀತು ಎಂಬಂತೆ ಹೇಳಿದ, "ನಿನಗ ಏನರ ಆಗಿಬಿಟ್ರ? ನೀ ದಿನಾ ಆ ರಸ್ತೆ ದಾಟ್ತಿ."

"ಹಂಗಾದ್ರ ಅಪಾಯ ಐತಿ ಅಂತ ನಿನಗ ಗೊತ್ತಿತ್ತು."

ಅವನು ತಟ್ಟೆ ಎತ್ತಿಕೊಂಡು ಏಳಹೋದ.

"ಟೀಚರ್ ಈ ಸೋಫಾದ ಮ್ಯಾಲ ಕುಂತು ಹೇಳಿದ್ರು. ನಾ ಅವರಿಗೆ ಕನ್ನಡಕ ಒರಸ್ಕೊಳ್ರಿ ಅಂದೆ. ನೀ ಅಲ್ಲೇ ಇದ್ದಿ. ನನ್ನ ಬಾಯಿಲೆ ಸುಳ್ಳು ಹೇಳಿಸಿ, ಅವರ ಕೈಹಿಡದು ಮೆಟ್ಟಲಾ ಇಳಿಸಿದಿ." ಅವಳ ದನಿ ಏರಲಿಲ್ಲ. "ಅವರ ಕಣ್ಣು ಹಾಳಾಗ್ಯಾವ ಅಂತ ಅವರನ್ನ ನಂಬಿಸಿದೆ ನಾನು. ಹಾಳಾಗಿದ್ದು ನನ್ನವು."

ಮರುದಿನ ಬೆಳಗಾಗುತ್ತಲೇ ಅವಳು ನಿಯಂತ್ರಣ ಕೊಠಡಿಗೆ ಹೋಗಿ ಮೊದಲು ಗುಟ್ಟಿನ ಪದ ಬದಲಿಸಿದಳು. ಕಾಣದ ಮೂರು ಸಾಲುಗಳನ್ನು ತಿಪ್ಪೇಸ್ವಾಮಿಯಿಂದ ಅಳಿಸಿಹಾಕಿಸಿದಳು. ಆಮೇಲೆ ಒಂದು ಹೊಸ ನಿಯಮ ಬರೆದಳು: ಸರಕಿನ ಬಂಡಿ ಕಂಡಲ್ಲೆಲ್ಲ ಅದರ ಪಕ್ಕದಲ್ಲಿ ದಪ್ಪ ಅಕ್ಷರದ ಎರಡು ಮಾತು ಮೂಡಬೇಕು. 'ಈ ಬಂಡಿಯನ್ನು ಇಷ್ಟು ದಿನ ನಿಮ್ಮಿಂದ ಮರೆಮಾಡಲಾಗಿತ್ತು. ಮರೆಮಾಡಿದ ನಿಯಮದ ಮೇಲೆ ನನ್ನ ಸಹಿ ಇದೆ. ಶಾಲ್ಮಲಾ.' ಅದರ ಕೆಳಗೆ ಇನ್ನೊಂದು ಸಾಲು, ಇಂದೇ ಈ ಶೀಟನ್ನು ನಿಮ್ಮ ಕನ್ನಡಕದೊಳಗೆ ಉಳಿಸಿಕೊಳ್ಳಿ, ನಾಳೆ ಇದು ಸಿಗದಿರಬಹುದು ಎಂದು.

ತಿಪ್ಪೇಸ್ವಾಮಿ ಹಿಂದೆ ನಿಂತು ಓದಿದ. "ಸರ್ ಹೆಸರು ಹಾಕಲ್ವಾ ಮೇಡಂ?"

"ಸಹಿ ಅವಂದಲ್ಲ. ವಿಚಾರಣಿ ಆದ್ರ ಅಲ್ಲಿ ಹೇಳ್ತೇನಿ. ಅಲ್ಲಿ ಅವನೂ ಹೇಳ್ತಾನ."

ಅಷ್ಟು ನಂಬಿಕೆ ಅವಳಲ್ಲಿ ಇನ್ನೂ ಉಳಿದಿತ್ತು.

ಆ ದಿನ ಊರಿನ ಮಂದಗಣ್ಣಿನವರೆಲ್ಲ ರಸ್ತೆಯಲ್ಲಿ ನಿಂತುಬಿಟ್ಟರು. ಇಲ್ಲವೆಂದುಕೊಂಡಿದ್ದ ಕಡೆಯಿಂದ ಒಂದಾದ ಮೇಲೊಂದು ಬಂಡಿ ಉರಿಯುತ್ತ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಒಬ್ಬ ಮುದುಕ ಗೋಡೆಗೆ ಒರಗಿ, ಇಷ್ಟು ದಿನ ಇವೆಲ್ಲ ನನ್ನ ಪಕ್ಕದಲ್ಲೇ ಓಡಾಡುತ್ತಿದ್ದವೇ ಎಂದು ಕೂಗಿಕೊಂಡನಂತೆ. ಮಧ್ಯಾಹ್ನದ ಹೊತ್ತಿಗೆ ಶಾಲ್ಮಲಾಳಿಗೆ ಬಂದ ಕರೆಗಳಲ್ಲಿ ಹೆಚ್ಚಿನವು ಬೈಗುಳ. ಅವಳು ಎಲ್ಲವನ್ನೂ ಪೂರ್ತಿ ಕೇಳಿದಳು. ಸಂಜೆಗೆ ನಿಚ್ಚಳದವರು ಧರಿಸಿದವರ ಪದರವನ್ನು ಮುಚ್ಚಿದರು, ಅವಳನ್ನು ಕೆಲಸದಿಂದ ತೆಗೆದರು, ಸಂಸ್ಥೆಯ ಸ್ವತ್ತೆಂದು ಅವಳ ಮೂಗಿನ ಮೇಲಿನ ಕನ್ನಡಕವನ್ನೂ ಬಿಚ್ಚಿಸಿಕೊಂಡರು. ಶೀಟನ್ನು ಉಳಿಸಿಕೊಂಡಿದ್ದವರ ಕನ್ನಡಕಗಳಲ್ಲಿ ಮಾತ್ರ ಅದು ಉಳಿಯಿತು.

ಕೆಲವು ತಿಂಗಳ ಮೇಲೆ ನಗರಪಾಲಿಕೆ ನೇಮಿಸಿದ ವಿಚಾರಣೆಯ ಸಮಿತಿಯ ಮುಂದೆ ಪ್ರಭುಲಿಂಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಶಾಲ್ಮಲಾಳಿಗೆ ಅವನು ಒಂದು ಬಿಳಿ ಆಕಾರವಾಗಿ ಕಂಡ. ದನಿ ಮಾತ್ರ ಸ್ಪಷ್ಟವಾಗಿತ್ತು.

"ಆ ಪದ ಆಕಿಗೊಬ್ಬಾಕಿಗೆ ಗೊತ್ತಿತ್ರಿ" ಎಂದಿತು ಆ ದನಿ. "ನನಗ ಗೊತ್ತಿರಲಿಲ್ಲ."

ಮನೆಯಲ್ಲಿ ಕೇಳಿದ್ದು ತನ್ನನ್ನು ಅಷ್ಟಾಗಿ ನೋಯಿಸಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅಲ್ಲಿ ಅವನು ಕಾರಣ ಹೇಳಿದ್ದ, ತಪ್ಪೋ ಸರಿಯೋ ಅವಳಿಗಾಗಿ ಎಂದಿದ್ದ. ಇಲ್ಲಿ ಅವನ ಲೆಕ್ಕದಲ್ಲಿ ಅವಳಿರಲೇ ಇಲ್ಲ, ಅವನೊಬ್ಬನೇ ಇದ್ದ. ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ಮಾತಾಡಿದವರು ಜೈನಾಬಿ ಟೀಚರ್. ಅಳಿಸಿದ ಮೂರು ಸಾಲುಗಳನ್ನು ಸಮಿತಿ ಆಗಲೇ ಸಭೆಯಲ್ಲಿ ಓದಿಸಿತ್ತು. ಊರುಗೋಲು ಊರಿಕೊಂಡು ಎದ್ದು ನಿಂತು, ತರಗತಿಯಲ್ಲಿ ಪ್ರಶ್ನೆ ಕೇಳುವವರ ಹಾಗೆ ಕೇಳಿದರು: "ಮೂರನೇ ಸಾಲು ಶಾಲ್ಮಲಾನ ಕನ್ನಡಕಕ್ಕ ತೋರಿಸಬ್ಯಾಡ ಅಂತೈತಿ. ತಾನ ಬರದದ್ದನ್ನ ತನಗ ಕಾಣದಂಗ ಮಾಡಿಕೊಂಡು ಏನು ಮಾಡ್ತಿದ್ದಳ್ರಿ ಈಕಿ? ಬ್ಯಾರೆಯವರ ಕಣ್ಣಾಗ ಮಣ್ಣು ಹಾಕಾಂವ ತನ್ನ ಕಣ್ಣಾಗೂ ಹಾಕ್ಕೊತಾನೇನು?"

ಆಮೇಲೆ ತಿಪ್ಪೇಸ್ವಾಮಿ ತಾನು ಕಂಡದ್ದನ್ನೆಲ್ಲ ಹೇಳಿದ. ಅವನ ಕೆಲಸವೂ ಅಂದೇ ಹೋಯಿತು.

ಬಂಡಿಗಳಿಗೆ ನಿಜವಾದ ಕೆಂಪು ಬಣ್ಣ ಬಳಿದು, ಕಿವಿಗೆ ಬೀಳುವ ಗಂಟೆ ಕಟ್ಟಬೇಕೆಂದು ಆದೇಶವಾಯಿತು. ಬರಿಗಣ್ಣಿನವರಿಗೂ ಕಾಣುವ ಬಣ್ಣ ಬೀದಿಗೆ ಬಂದದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಸಮಿತಿಯ ವರದಿ ಅಚ್ಚಾಗಿ, ಒಂದು ಪ್ರತಿ ಅಂಚೆಯಲ್ಲಿ ಶಾಲ್ಮಲಾಳ ಮನೆಗೂ ಬಂತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ಬಾಗಿಲಲ್ಲಿ ಪ್ರಭುಲಿಂಗ ಬಂದು ನಿಂತ. ತನ್ನ ಬಟ್ಟೆಬರೆ ಒಯ್ಯಲು ಬಂದಿದ್ದ. ಚೀಲ ತುಂಬಿಕೊಂಡ ಮೇಲೂ ಹೋಗಲಿಲ್ಲ.

"ಓದಾಕ ಆಗವಲ್ದಲ್ಲ ನಿನಗ" ಎಂದ ಕಡೆಗೆ. "ಕೊಡು ಇಲ್ಲೆ, ನಾ ಓದ್ತೇನಿ. ಕಾಲೇಜಿನ್ಯಾಗ ಓದಿ ಹೇಳ್ತಿರಲಿಲ್ಲೇನು?"

ಹೌದು, ಓದಿ ಹೇಳುತ್ತಿದ್ದ. ಕನ್ನಡಕಗಳಿಲ್ಲದ ಆ ದಿನಗಳಲ್ಲಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅವಳ ಪಠ್ಯಗಳನ್ನೆಲ್ಲ ಗಂಟಲು ಒಣಗುವವರೆಗೆ ಓದುತ್ತಿದ್ದ. ಒಮ್ಮೆಯೂ ಒಂದು ಸಾಲು ಹಾರಿಸುತ್ತಿದ್ದಾನೆಯೇ ಎಂಬ ಸಂಶಯ ಅವಳಿಗೆ ಬಂದಿರಲಿಲ್ಲ. ಈಗ ಆ ಮೆಟ್ಟಿಲ ಮೇಲಿನ ಮಾತುಗಳನ್ನೂ ಮನಸ್ಸು ತಡವತೊಡಗಿತು, ಎಲ್ಲೆಲ್ಲಿ ಏನೇನು ಬಿಟ್ಟಿದ್ದನೋ ಎಂದು. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಬ್ಯಾಡ" ಎಂದಳು. "ನೀ ಏನ ಓದಿದ್ರೂ, ನಡುವ ಏನು ಬಿಟ್ಟಿ ಅಂತ ಹುಡುಕ್ಕೋತ ಕೂಡ್ತೇನಿ ನಾನು."

ಎದ್ದು, ಗೋಡೆ ಹಿಡಿದು, ಅವನ ಪಕ್ಕದಿಂದಲೇ ಹೊರಬಿದ್ದು, ಎದುರು ಮನೆಯ ಚೆನ್ನಕ್ಕನ ಬಾಗಿಲು ಬಡಿದಳು. ಚೆನ್ನಕ್ಕ ಶಾಲೆ ಬಿಟ್ಟು ನಲವತ್ತು ವರ್ಷದ ಮೇಲಾಗಿತ್ತು. ಸೆರಗಿಗೆ ಕೈ ಒರಸಿಕೊಂಡು ವರದಿ ತೆಗೆದುಕೊಂಡು, ಅಕ್ಷರ ಅಕ್ಷರ ಕೂಡಿಸಿ ಓದಲು ಶುರುಮಾಡಿದಳು. ಮೊದಲ ಪುಟ ಮುಗಿಯುವ ಮೊದಲೇ ಆಚೆ ಬಾಗಿಲು ಮುಚ್ಚಿದ ಸಪ್ಪಳ, ಮೆಟ್ಟಿಲು ಇಳಿಯುವ ಹೆಜ್ಜೆಗಳು ಕೇಳಿಸಿದವು. ಚೆನ್ನಕ್ಕ ಓದು ನಿಲ್ಲಿಸಿ ತಲೆಯೆತ್ತಿದಳು.

"ಓದ್ರಿ ಚೆನ್ನಕ್ಕಾ" ಎಂದಳು ಶಾಲ್ಮಲಾ. "ಒಂದು ಸಾಲೂ ಬಿಡಬ್ಯಾಡ್ರಿ."